ಅಜ್ಜಿ ಮನೆಯ ಮಂಚದಿಂದ ಬಿದ್ದದ್ದು

ಮಂಗಳವಾರ, ಮಧ್ಯಾಹ್ನ

ಅಮ್ಮಾ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ನೀನು “ಹೂಂ, ಆಮೇಲೆ?” ಅಂದ ತಕ್ಷಣ ಬಿಸಿಲು, ಸೆಕೆ ಎಂದು ಏನೋ ಮಾತಾಡಿ ಇಟ್ಟುಬಿಡುತ್ತೇನೆ.

ಗುಂಗುರಿ ಈಗ ಮಲಗಿದ್ದಾಳೆ. ಮಗು ಮಲಗಿದಾಗ ನೀನೂ ಒರಗಿಕೋ ಎಂದು ಎಲ್ಲರೂ ಹೇಳುತ್ತಾರೆ. ಒರಗಿದರೆ ಕೈ ತಾನಾಗಿ ಅವಳ ತಲೆಗೆ ಹೋಗುತ್ತದೆ. ಬಲಗಿವಿಯ ಮೇಲೆ, ಆ ಸುರುಳಿ ಕೂದಲ ಅಡಿಯಲ್ಲಿ, ಅದೇ ಉಬ್ಬು. ಮೊನ್ನೆಗಿಂತ ದೊಡ್ಡದಾಗಿದೆಯೋ, ನನ್ನ ಬೆರಳೇ ಹಾಗೆ ಹೇಳುತ್ತಿದೆಯೋ, ತಿಳಿಯುವುದಿಲ್ಲ.

ಅಳಿಯ ಸರಿಯಾಗಿ ಮಾತಾಡುತ್ತಿಲ್ಲ ಎಂದು ನೀನು ಅಕ್ಕನ ಹತ್ತಿರ ಬೇಜಾರು ಮಾಡಿಕೊಂಡೆಯಂತೆ. “ನಾನೇನು ತಪ್ಪು ಮಾಡಿದೆ ಅಂತ ಮುಖ ಗಂಟು ಹಾಕ್ಕೊಂಡಿದ್ದಾರೆ?” ಅಂದೆಯಂತೆ. ನೀನು ಏನೂ ಮಾಡಿಲ್ಲಮ್ಮ. ಮಾಡಿದ್ದು ನಾನು. ಮೊದಲಿನಿಂದ ಹೇಳುತ್ತೇನೆ, ಹಿಂದುಮುಂದಾದರೆ ನೀನೇ ಹೊಂದಿಸಿಕೊಂಡು ಓದು.

ಎರಡು ವಾರದ ಹಿಂದೆ ಸ್ಕ್ಯಾನ್ ಆಯಿತಲ್ಲ, ಅವತ್ತು. ಒಳಗೆ ಮಗು ಅಲ್ಲಾಡಬಾರದು, ಅದಕ್ಕೆ ನಿದ್ದೆಯ ಔಷಧ. ಆ ಔಷಧಕ್ಕೆ ಮುಂಚೆ ಆರು ಗಂಟೆ ಹಾಲೂ ಇಲ್ಲ, ಏನೂ ಇಲ್ಲ. ಹಸಿವಿಗೆ ಅವಳು ನನ್ನ ಅಂಗಿಯ ಗುಂಡಿಯನ್ನೇ ಕಚ್ಚಿ ಕಿತ್ತಳು. ಯಂತ್ರ ನಡೆಸುವವನು ತಮಾಷೆಯ ಮನುಷ್ಯ. ನನ್ನ ಕಣ್ಣು ನೋಡಿ, “ಔಷಧ ಒಂದು ಚಮಚ ಉಳಿದಿದೆ ಮೇಡಂ, ನಿಮಗೂ ಹಾಕ್ಲಾ?” ಅಂದ. ನಾನು ನಿಜವಾಗಿಯೂ ಕೈ ಚಾಚಿದೆನಂತೆ. ಇವರು ಆಮೇಲೆ ಹೇಳಿದರು.

ಅವಳ ತಲೆಯ ಎರಡೂ ಕಡೆ ಸ್ಪಂಜು ಸಿಕ್ಕಿಸಿ, ಹಣೆಗೆ ಪಟ್ಟಿ ಬಿಗಿದು, ದೊಡ್ಡ ಬಳೆಯಂಥ ಯಂತ್ರದೊಳಕ್ಕೆ ಸರಿಸಿದರು. ಕೆಲವೇ ನಿಮಿಷ. ಮುಗಿದ ಮೇಲೆ ಚಿತ್ರ ಓದುವ ಡಾಕ್ಟರಮ್ಮ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಕತ್ತಲೆ ಕೋಣೆ, ಎರಡು ಪರದೆ. ನನ್ನ ಮಗಳ ತಲೆಬುರುಡೆ ಬೆಳ್ಳಗೆ, ನಯವಾಗಿ, ಒಂದು ಕಡೆ ಮಾತ್ರ ಯಾರೋ ಉಗುರಿನಲ್ಲಿ ಕೆರೆದ ಹಾಗೆ ಕಪ್ಪು ತೂತು. ಅಲ್ಲಿ ಎಲುಬು ಸವೆದಿದೆ, ಹೊರಗಿನ ಪದರ ಒಂದು ಅಳತೆಗೆ, ಒಳಗಿನದು ಇನ್ನೊಂದು ಅಳತೆಗೆ, ಅಂದರು.

ಅದು ಎಲುಬಿನಲ್ಲೇ ಹುಟ್ಟುವ, ಬಹಳ ಅಪರೂಪದ ಗಡ್ಡೆ ಇರಬಹುದಂತೆ. ಇಪ್ಪತ್ತು ವರ್ಷದಲ್ಲಿ ಅವರು ನೋಡಿದ್ದು ಐದೋ ಆರೋ. ಹಾಗಿದ್ದರೆ ಕೂಡಲೇ ಅದರ ಚೂರು ತೆಗೆದು ಪರೀಕ್ಷೆ ಮಾಡಬೇಕು. ಇಲ್ಲವೇ ಹಳೆಯ ಪೆಟ್ಟಿರಬಹುದು. ಚಿಕ್ಕ ಮಕ್ಕಳಲ್ಲಿ ಬಿರುಕು ಬಿಟ್ಟ ಎಲುಬು ಕೂಡದೆ ಹೀಗೇ ಅಗಲವಾಗುವುದುಂಟಂತೆ. ಆಮೇಲೆ ನನ್ನ ಕಡೆ ತಿರುಗಿ, “ಮಗು ಯಾವತ್ತಾದ್ರೂ ಜೋರಾಗಿ ಬಿದ್ದಿತ್ತಾ? ನಿಧಾನವಾಗಿ ಯೋಚನೆ ಮಾಡಿ ಹೇಳಿ,” ಅಂದರು.

ನಾನು ಯೋಚನೆ ಮಾಡಲಿಲ್ಲ. “ಬಿದ್ದಿದ್ದಳು. ಅಜ್ಜಿ ಮನೇಲಿ, ಮಂಚದಿಂದ,” ಅಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಂಚ ಇಷ್ಟೆತ್ತರ ಎಂದು ಕೈಯಲ್ಲಿ ತೋರಿಸಿದೆ. ನೀನು ಒದ್ದೆ ಬಟ್ಟೆ ಇಟ್ಟೆ ಎಂದೆ. ಡಿಗ್ರಿ ಓದಿದವಳು ನಾನು, ಇಲ್ಲದ್ದನ್ನು ಹೀಗೆ ಕಟ್ಟಿ ಹೇಳಿದೆ. ಡಾಕ್ಟರಮ್ಮನ ಹಣೆಯ ಗೆರೆ ಸಡಿಲವಾಯಿತು, ಅದನ್ನು ನೋಡಿ ನನಗೆ ಅದೆಷ್ಟು ಹಾಯೆನಿಸಿತೆಂದರೆ ಪಕ್ಕದಲ್ಲಿ ಇವರ ಮುಖ ಬಿಗಿದದ್ದು ಗಮನಕ್ಕೇ ಬರಲಿಲ್ಲ. ಹಳೆಯ ಪೆಟ್ಟು, ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಎಂದು ಬರೆದರು.

ನಿನ್ನ ಮನೆ ಯಾಕೆ ಅಂದೆ ಎಂದು ಕೇಳಬೇಡ. ನಮ್ಮ ಮನೆ ಅಂದಿದ್ದರೆ, ನೀನೇನು ಮಾಡ್ತಾ ಇದ್ದೆ ಎಂಬ ಮಾತು ಬರುತ್ತಿತ್ತು.

ಅವತ್ತು ಸಂಜೆ ಫೋನ್ ಮಾಡಿ, ಗುಂಗುರಿ ನಿನ್ನ ಹತ್ತಿರ ಬಿದ್ದಿದ್ದಳಾ ಎಂದು ಕೇಳಿದ್ದನ್ನೇ ಕೇಳಿದೆನಲ್ಲ, ಅದು ಅನುಮಾನವಲ್ಲಮ್ಮ. ಹೌದು ಅನ್ನಲಿ ಎಂಬ ಆಸೆ. ನೀನು ರೇಗಿದೆ. “ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀನಿ. ಇರುವೆ ಕಚ್ಚಿದ್ದೂ ನೆನಪಿದೆ ನಂಗೆ,” ಅಂದೆ. ನನ್ನ ಜೀವ ಕುಸಿಯಿತು.

ಈಗ ಒಂದು ವಿಚಿತ್ರ ಶುರುವಾಗಿದೆ. ಅವಳು ಬಿದ್ದದ್ದು ನನಗೆ ನೆನಪಾಗುತ್ತಿದೆ. ಧೊಪ್ಪೆಂದ ಸದ್ದು, ಉಸಿರು ಕಟ್ಟಿ ಆಮೇಲೆ ಬಂದ ಅಳು. ಅವಳನ್ನು ನಿನ್ನಲ್ಲಿ ಬಿಟ್ಟಿದ್ದ ಆ ಹತ್ತು ದಿನ ನಾನು ಅಲ್ಲಿ ಇರಲೇ ಇಲ್ಲ. ಆದರೂ ಕೇಳಿಸುತ್ತದೆ. ನಿದ್ದೆಯಿಲ್ಲದ ತಲೆ ಏನನ್ನು ನೋಡಿದ್ದು, ಏನನ್ನು ಕಟ್ಟಿದ್ದು, ನನಗೇ ಬೇರ್ಪಡಿಸಲು ಬರುತ್ತಿಲ್ಲ.

ಅದು ಗಡ್ಡೆಯೇ ಆಗಿದ್ದರೆ ಡಾಕ್ಟರಮ್ಮ ನನ್ನ ಮಾತು ನಂಬಿದ್ದಕ್ಕೆ ಮೂರು ತಿಂಗಳು ಒಳಗೇ ಬೆಳೆಯುತ್ತದೆ. ಎರಡು ವಾರ ಆಗಲೇ ಹೋಯಿತು. ನಾಳೆ ಬೆಳಿಗ್ಗೆ ಹೋಗಿ ನಿಜ ಹೇಳುತ್ತೇನೆ. ಇವರಿಗೆ ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ. ಈ ಕಾಗದವನ್ನು ಅಂಟಿಸದೆ ಊಟದ ಮೇಜಿನ ಮೇಲೆ ಇಡುತ್ತೇನೆ, ಓದಿಕೊಳ್ಳಲಿ.

ಬೈಯಬೇಕೆನಿಸಿದರೆ ಬೈದುಬಿಡು, ಸುಮ್ಮನಿರಬೇಡ.

ನಿನ್ನ ಮೇಲೆ ಸುಳ್ಳು ಹೊರಿಸಿದ,
ಕಿರಿಮಗಳು

ಮರೆತದ್ದಲ್ಲ, ಆಮೇಲೆ ನಡೆದದ್ದು (ಬುಧವಾರ, ಆಸ್ಪತ್ರೆಯ ಬೆಂಚಿನ ಮೇಲೆ): ಇವರು ಓದಿದರು. ಕಾಗದ ಮಡಿಸಿಟ್ಟು, ಹೋದ ತಿಂಗಳು ಸ್ನಾನ ಮಾಡಿಸುವಾಗ ತಮ್ಮ ಕೈಯಿಂದ ಅವಳು ಜಾರಿದ್ದಳು, ತಲೆ ನೆಲಕ್ಕೆ ತಾಗಿತ್ತು, ನನಗೆ ಹೇಳಿರಲಿಲ್ಲ ಅಂದರು. ಯಾವ ಕಡೆ ಎಂದು ಕೇಳಿದೆ. ಎಡಗಡೆ ಅಂದರು. ನನ್ನ ಮುಖ ನೋಡಿ ಬಲಗಡೆ ಅಂದರು. ಇವರು ನಿಜ ಹೇಳುತ್ತಿದ್ದಾರೋ, ಇವರಿಗೂ ನನ್ನ ಹಾಗೇ ಆಗಿದೆಯೋ, ನನಗೆ ತಿಳಿಯಲಿಲ್ಲ. ಈಗಷ್ಟೇ ಇಬ್ಬರೂ ಒಳಗೆ ಹೋಗಿ ನಮ್ಮನಮ್ಮದು ಹೇಳಿ ಬಂದೆವು. ಡಾಕ್ಟರಮ್ಮ ಫೈಲು ಮುಚ್ಚಿ, “ಇನ್ನು ನಿಮ್ಮಿಬ್ಬರನ್ನೂ ಕೇಳಲ್ಲ,” ಅಂದರು. ಶುಕ್ರವಾರ ಚೂರು ತೆಗೆಯುತ್ತಾರೆ. ಗುರುವಾರವೇ ಬಂದುಬಿಡು ಅಮ್ಮ. ಬಸ್ ನಿಲ್ದಾಣಕ್ಕೆ ಇವರೇ ಬರುತ್ತಾರಂತೆ, ನೀನು ಏನೂ ಕೇಳುವುದಿಲ್ಲ ತಾನೇ ಎಂದು ನನ್ನನ್ನು ಎರಡು ಸಲ ಕೇಳಿದರು.