ಒಂದೇ ಹೆಸರಿನ ಹಾಜರಿ ಪುಸ್ತಕ

ಕೌಲ್ ಬಜಾರ್, ಬಳ್ಳಾರಿ
15 ಮೇ 2024, ಬುಧವಾರ

ಚೈತ್ರಾಳ ಅಪ್ಪನವರಿಗೆ,

ನಾಗಲಕ್ಷ್ಮಿಯ ನಮಸ್ಕಾರ. ನಾವಿಲ್ಲಿ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಆ ಸಾಲಿಗೆ ಜಾಗ ಬಿಟ್ಟಿದ್ದೇನೆ, ಕೊನೆಯಲ್ಲಿ ನೋಡೋಣ. ಫೋನಿನಲ್ಲಿ ನೀವು ಹಲೋ ಎನ್ನುವುದರೊಳಗೇ ನನ್ನ ದನಿ ಏರುತ್ತದೆ, ನಿಮ್ಮದೂ ಅಷ್ಟೆ. ಮೂರನೇ ಮಾತಿಗೆ ಇಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲವೆಂದು ಬರೆಯುತ್ತಿದ್ದೇನೆ. ನಿಮ್ಮ ಸೋದರಮಾವ ಚಿನ್ನಪ್ಪನವರು ಶುಕ್ರವಾರ ಬಳ್ಳಾರಿಗೆ ಬರುತ್ತಾರಂತೆ, ಅವರ ಕೈಗೇ ಕೊಡುತ್ತೇನೆ.

ಹೋದ ತಿಂಗಳು ಕುರುಗೋಡಿನಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಹಿರಿಯರು ಕೂತು ಹೇಳಿದ್ದನ್ನು ನಾನು ಮರೆತಿಲ್ಲ. ಹುಡುಗಿ ಫೆಬ್ರವರಿಯಿಂದ ಶಾಲೆ ಬಿಟ್ಟು ಮನೆಯಲ್ಲಿದ್ದಾಳೆ, ಹೀಗೇ ಆದರೆ ಬೇಸಿಗೆ ರಜೆ ಮುಗಿಯುವುದರೊಳಗೆ ಅಪ್ಪನಾದ ಉಮಾಪತಿ ಅವಳನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಗೆ ಸೇರಿಸಲಿ ಎಂದರು. ಭಾನುವಾರ ಬರುತ್ತೇನೆಂದು ನೀವೂ ಹೇಳಿ ಕಳಿಸಿದ್ದೀರಿ. ಬರಬೇಡಿ ಎಂದು ಹೇಳುವುದಕ್ಕೇ ಈ ಪೆನ್ನು ಹಿಡಿದೆ. ಅವಳು ಶಾಲೆ ಬಿಟ್ಟಿಲ್ಲ, ಶಾಲೆಯನ್ನೇ ಮನೆಗೆ ತಂದಿದ್ದೇನೆ.

ನೀವು ಮೋಟಾರು, ಬೇರಿಂಗು, ಸ್ಪ್ಯಾನರು ಗುಡ್ಡೆ ಹಾಕುತ್ತಿದ್ದ ಹಿಂದಿನ ಕೋಣೆ ಈಗ ನಿಮಗೆ ಗುರುತೇ ಸಿಗಲಿಕ್ಕಿಲ್ಲ. ಕಿಟಕಿ ಪಕ್ಕದ ಗೋಡೆಗೆ ನಾನೇ ಏಣಿ ಹತ್ತಿ ಕಪ್ಪು ಬಣ್ಣ ಬಳಿದೆ, ಈಗ ಅದೇ ಬೋರ್ಡು. ಸೀಮೆಸುಣ್ಣಕ್ಕೆ ಬದಲು ಕೆಳಗಿನ ಜೀನ್ಸ್ ಕಾರ್ಖಾನೆಯ ಟೈಲರ್ ಚಾಕ್, ಚಪ್ಪಟೆಯದು, ನೀಲಿ ಮತ್ತು ಹಳದಿ. ಹಣ್ಣಿನ ಮರದ ಪೆಟ್ಟಿಗೆ ನಾಲ್ಕನ್ನು ಒಂದರ ಮೇಲೊಂದು ಇಟ್ಟು ಪುಸ್ತಕದ ಕಪಾಟು ಮಾಡಿದ್ದೇನೆ. ಪಕ್ಕದ ಮನೆಯ ಸುಂಕಮ್ಮ, ಪ್ಯಾಂಟಿನ ದಾರ ಕತ್ತರಿಸಿ ಕೊಡುವ ಕೆಲಸದವಳು, ಒಂದು ಮೂಟೆ ಜೀನ್ಸ್ ಚೂರು ತಂದು ಹಾಕಿದಳು. ಅದನ್ನು ತುಂಬಿ ಮೂಲೆಗೆ ಒಂದು ದೊಡ್ಡ ದಿಂಬು ಹೊಲಿದೆ. ಕೂತರೆ ಮಗು ಅರ್ಧ ಒಳಗೇ ಮುಳುಗಬೇಕು, ಅಂಥದ್ದು. ಅದರ ಮೇಲೆ ಗಣೇಶನ ಹಬ್ಬದ ಸಣ್ಣ ದೀಪದ ಸರ. ನಿಮ್ಮ ಗ್ರೀಸಿನ ಕಲೆ ಮಾತ್ರ ಏನು ಉಜ್ಜಿದರೂ ಹೋಗಲಿಲ್ಲ. ಅದರ ಮೇಲೆ ಕರ್ನಾಟಕದ ನಕ್ಷೆ ಅಂಟಿಸಿದ್ದೇನೆ. ಬೀದರ್ ಕಡೆ ಸ್ವಲ್ಪ ಕಾಣುತ್ತದೆ.

ವೇಳಾಪಟ್ಟಿ ಇದೆ. ದೇವರ ಮುಂದಿನ ಗಂಟೆಯೇ ಶಾಲೆಯ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಕರೆಯುತ್ತೇನೆ, ಪುಸ್ತಕದಲ್ಲಿ ಇರುವುದು ಒಂದೇ ಹೆಸರು. ನಗಬೇಡಿ. ಮೊದಲ ದಿನ ಆ ಹೆಸರನ್ನು ಬರೆಯುವಾಗ ನನಗೆ ಎಷ್ಟು ಸಂತೋಷವಾಗಿತ್ತು ಎಂದರೆ, ಇದನ್ನೆಲ್ಲ ಮೊದಲೇ ಯಾಕೆ ಮಾಡಲಿಲ್ಲ ಅನ್ನಿಸಿತು. ಭಾಗಾಕಾರ ಮುಗಿದಿದೆ. ಭಿನ್ನರಾಶಿ ಶುರು ಮಾಡಿದ್ದೇವೆ. ನಾನು ಕೊಡುವ ಪರೀಕ್ಷೆಯಲ್ಲೆಲ್ಲ ಹತ್ತಕ್ಕೆ ಹತ್ತು. ಐದನೇ ತರಗತಿಯ ಪಾಠ ಈಗಲೇ ಓದುತ್ತಿದ್ದಾಳೆ. ಸಿರುಗುಪ್ಪದ ಯಾವ ಶಾಲೆ ಅವಳಿಗೆ ಇದಕ್ಕಿಂತ ಹೆಚ್ಚು ಕೊಡುತ್ತದೆ, ನೀವೇ ಹೇಳಿ.

ಇಲ್ಲಿಯವರೆಗೆ ಬರೆದು ಎದ್ದು ಹೋಗಿ, ನೀರು ಕುಡಿದು ಬಂದೆ. ಮೇಲಿನದೆಲ್ಲ ನಿಜ. ಚಿನ್ನಪ್ಪ ಮಾವನ ಮುಂದೆ ಓದಿದರೆ ಅವರೂ ತಲೆದೂಗುತ್ತಾರೆ. ಆದರೆ ಇದನ್ನು ಹೀಗೇ ಮಡಚಿ ಕಳಿಸಿದರೆ ನೀವು ಭಾನುವಾರ ಬರುವುದಿಲ್ಲ. ಬರದಿದ್ದರೆ ನನ್ನ ಮಗಳ ಗತಿ ಏನು ಎಂದು ಯೋಚಿಸಿ ಮತ್ತೆ ಕೂತಿದ್ದೇನೆ.

ಕಟ್ಟೆಯ ಮೇಲೆ ನಾನು ಹೇಳಿದ್ದು ನಿಮಗೆ ನೆನಪಿರಬೇಕು. ಶಾಲೆಯಲ್ಲಿ ಒಬ್ಬ ಟೀಚರ್ ಚೈತ್ರಾಳಿಗೆ ಎಲ್ಲರೆದುರು ಅವಮಾನ ಮಾಡಿದಳು, ಅದಕ್ಕೇ ಬಿಡಿಸಿದೆ, ನಾನೂ ಕೆಲಸ ಬಿಟ್ಟೆ ಎಂದೆ. ನೀವು ಎದ್ದು ನಿಂತು, "ಆ ಟೀಚರ್ ಯಾರು ಹೇಳು, ಇವತ್ತೇ ಹೋಗಿ ಕೇಳ್ತೀನಿ" ಅಂದಿರಿ. ಮದುವೆಯಾದ ಮೇಲೆ ನಿಮ್ಮ ಯಾವ ಮಾತೂ ನನಗೆ ಅಷ್ಟು ಹಿಡಿಸಿರಲಿಲ್ಲ. ಆಕೆ ಕೆಲಸ ಬಿಟ್ಟು ಹೋಗಿದ್ದಾಳೆ ಎಂದು ತಲೆ ತಗ್ಗಿಸಿದೆ. ಅದೂ ಸುಳ್ಳಲ್ಲ. ಆ ಟೀಚರ್ ನಾನೇ.

ನಾಲ್ಕನೇ ತರಗತಿಗೆ ಗಣಿತ ನನ್ನದೇ ಇತ್ತು. ಅರ್ಧವಾರ್ಷಿಕದಲ್ಲಿ ಚೈತ್ರಾ ಮೊದಲು ಬಂದಳು. ತಾಯಿಯೇ ಟೀಚರ್ ಆದರೆ ಮೊದಲು ಬರದೆ ಇನ್ನೇನು ಎಂದು ಯಾರೋ ಪೋಷಕರು ದೂರು ಕೊಟ್ಟರು. ಹೆಡ್ ಮಿಸ್ ನನ್ನನ್ನು ಎಲ್ಲ ಟೀಚರುಗಳ ಮುಂದೆ ಕೇಳಿದರು. ನನಗೆ ಅವಮಾನವಾಯಿತು. ನನ್ನ ಸ್ವಭಾವ ನಿಮಗೆ ಗೊತ್ತು, ಒಂದು ಮಾತು ಬಿದ್ದರೆ ಅದನ್ನು ಸುಳ್ಳು ಮಾಡಿ ತೋರಿಸುವ ತನಕ ಅನ್ನ ಸೇರುವುದಿಲ್ಲ. ಅಂದಿನಿಂದ ಅವಳಿಗೆ ಎಲ್ಲರಿಗಿಂತ ಕಠಿಣವಾದ ಲೆಕ್ಕ, ಎಲ್ಲರಿಗಿಂತ ಹೆಚ್ಚು ಬೈಗುಳ. ಶಾಲೆಯಲ್ಲಿ ಮಿಸ್ ಎಂದೇ ಕರೆಯಬೇಕೆಂದು ಕಟ್ಟಪ್ಪಣೆ. ನಿಮ್ಮ ತಾಯಿ ದೊಡ್ಡಬಸಮ್ಮನವರು ನನ್ನನ್ನು ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಿದ್ದರು. ಅತ್ತೆಯ ಮಾತೆಂದು ಕಿವಿಗೆ ಹಾಕಿಕೊಳ್ಳಲಿಲ್ಲ.

ಫೆಬ್ರವರಿ ಒಂಬತ್ತು, ಶುಕ್ರವಾರ, ಊಟದ ನಂತರದ ಪೀರಿಯಡ್. ಇಬ್ಬರು ಹುಡುಗರು ಒಂದಕ್ಕೆ ಎಂದು ಹೋಗಿ ಮೈದಾನ ಸುತ್ತಿ ಬಂದಿದ್ದರು. ಇನ್ನು ಗಂಟೆ ಹೊಡೆಯುವವರೆಗೆ ಯಾರನ್ನೂ ಬಿಡುವುದಿಲ್ಲ ಎಂದಿದ್ದೆ. ಆಗ ಚೈತ್ರಾ ಕೈ ಎತ್ತಿದಳು. "ಮಿಸ್, ಒಂದಕ್ಕ ಹೋಗ್ಲಾ?" ಅಂದಳು. ನಾನು ಕುಂದ್ರು, ಎಲ್ಲರಿಗೂ ಒಂದೇ ನ್ಯಾಯ ಅಂದೆ. ಎರಡನೇ ಸಲ ಕೇಳಿದಳು. ಮೂರನೇ ಸಲ ಎದ್ದು ನಿಂತು ಕೇಳಿದಳು. ಅವಳ ಮುಖ ನನಗೆ ಕಾಣುತ್ತಿತ್ತು. ಹೆತ್ತವಳಿಗೆ ಆ ಮುಖ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿಯೂ, ಬೋರ್ಡಿಗೆ ಬಾ, ಈ ಭಾಗಾಕಾರ ಮಾಡು ಎಂದು ಕರೆದೆ. ಬಂದಳು. ಮೊದಲ ಸಾಲು ಬರೆದಳು. ಎರಡನೇ ಸಾಲಿಗೆ ನಿಂತಲ್ಲೇ ಆಯಿತು.

ನಲವತ್ತು ಮಕ್ಕಳು ನಕ್ಕರು. ಅವಳು ನನ್ನ ಕಡೆ ತಿರುಗಿ "ಅಮ್ಮಾ" ಅಂದಳು. ಬೇರೆ ಯಾವ ಮಗುವಾಗಿದ್ದರೂ ನಾನು ಸೆರಗಿನಲ್ಲಿ ಮುಚ್ಚಿ ಆಯಾ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಎಷ್ಟೋ ಮಕ್ಕಳಿಗೆ ಹಾಗೆ ಮಾಡಿದ್ದೇನೆ, ಸಮಾಧಾನ ಮಾಡಿದ್ದೇನೆ, ಯಾರೂ ನಗದಂತೆ ನೋಡಿಕೊಂಡಿದ್ದೇನೆ. ನನ್ನ ಮಗಳಿಗೆ ಹೇಳಿದ್ದು ಇದು:

"ಇಲ್ಲಿ ಅಮ್ಮ ಅಲ್ಲ. ಮಿಸ್ ಅನ್ನು."

ಆಮೇಲೆ ಬಟ್ಟೆ ಕೊಟ್ಟು ಅವಳ ಕೈಯಿಂದಲೇ ನೆಲ ಒರೆಸಿಸಿದೆ. ಪಕ್ಷಪಾತ ಮಾಡುವುದಿಲ್ಲ ಎಂದು ಆವತ್ತು ಎಲ್ಲರಿಗೂ ಗೊತ್ತಾಯಿತು.

ಸೋಮವಾರ ಅವಳು ಯೂನಿಫಾರ್ಮ್ ಹಾಕಿಕೊಳ್ಳಲಿಲ್ಲ. ಹಟ ಮಾಡಲಿಲ್ಲ, ಅಳಲಿಲ್ಲ, ಗೋಡೆಗೆ ಒರಗಿ ನಿಂತುಬಿಟ್ಟಳು. ನಾನು ಅದೇ ವಾರ ರಾಜೀನಾಮೆ ಕೊಟ್ಟೆ. ಮಗಳಿಗಾಗಿ ನೌಕರಿ ಬಿಟ್ಟ ತಾಯಿ ಎಂದು ಓಣಿಯಲ್ಲೆಲ್ಲ ಹೊಗಳಿದರು. ಹೊಗಳಿಸಿಕೊಂಡೆ. ಫೋನಿನಲ್ಲಿ ಮನೆಶಾಲೆಯ ವಿಡಿಯೊ ನೋಡಿ ನೋಡಿ ಆ ಕೋಣೆ ಕಟ್ಟಿದೆ. ಬಣ್ಣ, ದಿಂಬು, ದೀಪ, ಇಷ್ಟೆಲ್ಲ ಮಾಡಿದರೆ ಮರೆಯುತ್ತಾಳೆ ಎಂದುಕೊಂಡೆ.

ಕೋಣೆ ತೆರೆದ ದಿನ ಕಣ್ಣು ಮುಚ್ಚಿಕೊಂಡು ಬಾ ಎಂದು ಕರೆದೆ. ಹೊಸ್ತಿಲಲ್ಲಿ ನಿಂತಳು. ಕಣ್ಣು ಬಿಟ್ಟು ಬೋರ್ಡು ನೋಡಿದಳು, ನಂತರ ನನ್ನನ್ನು ನೋಡಿದಳು. "ಮೇ ಐ ಕಮಿನ್ ಮಿಸ್?" ಅಂದಳು. ಆಟ ಎಂದುಕೊಂಡು ನಾನೂ ನಕ್ಕು ಕಮಿನ್ ಅಂದೆ. ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಸಾಕು ಮಿಸ್ ಅಂದಳು. ಆಗಲೂ ಆಟ ಎಂದುಕೊಂಡೆ. ಆವತ್ತಿನಿಂದ ಇವತ್ತಿನವರೆಗೆ ಆ ಬಾಯಿಂದ ಅಮ್ಮ ಎಂಬ ಮಾತು ಬಂದಿಲ್ಲ.

ಸಿಟ್ಟಿನಿಂದ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಿಟ್ಟು ಇಲ್ಲ. ಒಳ್ಳೆಯ ವಿದ್ಯಾರ್ಥಿನಿಯಂತೆ ಇದ್ದಾಳೆ. ದಿಂಬಿನ ಮೇಲೆ ಒಂದು ದಿನವೂ ಕೂತಿಲ್ಲ, ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ಆ ದಿಂಬಿನಲ್ಲಿ ಮುಳುಗುವವಳು ನಾನೊಬ್ಬಳೇ. ನಾನು ಮಿಸ್ ಅಲ್ಲ ಪುಟ್ಟಿ, ನಿನ್ನ ಅಮ್ಮ ಎಂದು ಕೈ ಹಿಡಿದು ಹೇಳಿದೆ. ಆಯ್ತು ಮಿಸ್ ಅಂದಳು. ತಪ್ಪಾಯಿತು ಎಂದು ಅತ್ತುಬಿಟ್ಟೆ. ನೋಟ್‌ಬುಕ್ಕಿನ ಹಾಳೆ ಹರಿದು ಕಣ್ಣೊರೆಸಿಕೊಳ್ಳಲು ಕೊಟ್ಟಳು. ಹಾಜರಿ ಪುಸ್ತಕ ಒಲೆಗೆ ಹಾಕಿ, ಕೋಣೆಗೆ ಬೀಗ ಹಾಕಿದೆ. ಮರುದಿನ ಒಂಬತ್ತಕ್ಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬೀಗದ ಮುಂದೆ ನಿಂತಿದ್ದಳು. ಏನು ಮಾಡಲಿ, ಮತ್ತೆ ತೆರೆದೆ, ಹೊಸ ಹಾಜರಿ ಪುಸ್ತಕದಲ್ಲಿ ಅದೇ ಹೆಸರು ಬರೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟಿದ್ದೆ. ಅರ್ಥ ಈಗ ಗೊತ್ತಾಗಿದೆ.

ಮಗು ಮಂಕಾಗಿದೆ ಎಂದು ನೀವು ಹೆದರಬೇಡಿ. ಹೋದ ವಾರ ಸುಂಕಮ್ಮನ ಮನೆಯಿಂದ ನಗುವ ಸದ್ದು ಕೇಳಿಸಿತು. ಕಿಟಕಿಯಲ್ಲಿ ನೋಡಿದೆ. ಪ್ಯಾಂಟಿನ ರಾಶಿಯ ಮೇಲೆ ಕಾಲು ಚಾಚಿ ಕೂತು, ಸುಂಕಮ್ಮನ ಜೊತೆ ದಾರ ಕತ್ತರಿಸುತ್ತ ತೆಲುಗಿನಲ್ಲಿ ಎಣಿಸುತ್ತಿದ್ದಳು. ಒಕಟಿ, ರೆಂಡು, ಮೂಡು. ತಪ್ಪಿದಾಗಲೆಲ್ಲ ಸುಂಕಮ್ಮ ತೊಡೆ ತಟ್ಟಿ ನಗುವುದು, ಇವಳೂ ಬಿದ್ದು ಬಿದ್ದು ನಗುವುದು. ನನ್ನ ಮಗಳಿಗೆ ಏನೂ ಆಗಿಲ್ಲ ಎಂದು ಜೀವ ಬಂದಂತಾಗಿ ಬಾಗಿಲಿಗೆ ಹೋದೆ. ನನ್ನನ್ನು ನೋಡಿದ ಕೂಡಲೇ ಕತ್ತರಿ ಕೆಳಗಿಟ್ಟು, ಎದ್ದು, ಕೈ ಕಟ್ಟಿಕೊಂಡು ನಿಂತಳು.

"ಟೀಚರಮ್ಮ, ಹುಡುಗಿ ನಿಮ್ಮನ್ನ ಕಂಡ್ರ ಯಾಕ ಹಂಗ ಎದ್ದು ನಿಲ್ತೈತಿ?" ಎಂದು ಸುಂಕಮ್ಮ ಕೇಳಿದಳು. ನಾನು ವಾಪಸು ಬಂದೆ.

ನಾನಿಲ್ಲದ ಕಡೆ ಅವಳು ಮಗುವಾಗಿ ಇರುತ್ತಾಳೆ. ಇದಕ್ಕೆ ಯಾವ ಬಣ್ಣ ಬಳಿಯಲಿ, ಯಾವ ದೀಪ ಕಟ್ಟಲಿ? ಮನೆಯಲ್ಲಿ ಶಾಲೆ ಮಾಡಲು ಹೋಗಿ ಅವಳಿಗೆ ಇದ್ದ ಒಂದು ಮನೆಯನ್ನೂ ಕಳೆದೆ. ನಾವು ಬೇರೆಯಾಗುವ ಮುಂಚಿನ ಆ ದೊಡ್ಡ ಜಗಳದಲ್ಲಿ ನೀವು, "ಇದು ಮನಿ ಅಲ್ಲ, ಸಾಲಿ. ಇಲ್ಲಿ ಒಂದಕ್ಕ ಹೋಗಬೇಕಂದ್ರೂ ಕೈ ಎತ್ತಬೇಕು" ಅಂದಿರಿ. ಆ ಮಾತಿಗೆ ನಾನು ಎರಡು ವರ್ಷ ಸಿಟ್ಟು ಸಾಧಿಸಿದೆ. ಈಗ ನಿಮ್ಮ ಮೇಲೆ ಯಾವ ಸಿಟ್ಟೂ ಉಳಿದಿಲ್ಲ.

ಭಾನುವಾರ ಬನ್ನಿ. ಕರೆದುಕೊಂಡು ಹೋಗಿ. ಸೋಮವಾರವೇ ಶಾಲೆಗೆ ಹೋಗಿ ಟಿ.ಸಿ. ತಂದಿಟ್ಟಿದ್ದೇನೆ. ಅಂದರೆ ಈ ಕಾಗದ ಶುರು ಮಾಡುವ ಮುಂಚೆಯೇ ನನಗೆ ಗೊತ್ತಿತ್ತು. ಆದರೂ ಒಂದು ಪುಟ ಕೋಣೆಯ ಬಡಾಯಿ ಕೊಚ್ಚಿದೆ, ಕ್ಷಮಿಸಿ. ಅವಳಿಗೆ ಖಾರ ಕಡಿಮೆ ಹಾಕಲು ಅತ್ತೆಯವರಿಗೆ ಹೇಳಿ. ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತದೆ, ಬಂದರೆ ತಲೆ ಹಿಂದಕ್ಕೆ ಬಗ್ಗಿಸಬೇಡಿ, ಮುಂದಕ್ಕೆ ಬಗ್ಗಿಸಿ ಮೂಗು ಹಿಡಿಯಿರಿ. ನೀವು ಮಿಲ್ಲಿನಿಂದ ಬರುವುದು ತಡವಾದರೆ ಅವಳಿಗೆ ಮೊದಲೇ ಊಟಕ್ಕೆ ಹಾಕಲಿ. ನೆಂಟರು ಯಾರಾದರೂ ಟೀಚರ್ ಆಗಿರುವ ಶಾಲೆಗೆ ಮಾತ್ರ ಸೇರಿಸಬೇಡಿ. ಫೋನ್ ಮಾಡಿದಾಗ ನನ್ನ ಜೊತೆ ಮಾತಾಡು ಎಂದು ಬಲವಂತ ಮಾಡಬೇಡಿ. ಅವಳು ಎದ್ದು ನಿಂತು ಮಾತಾಡುತ್ತಾಳೆ. ಅದು ನನಗೆ ಇಲ್ಲಿಂದಲೇ ಕಾಣುತ್ತದೆ.

ನಾನು ಬಾದನಹಟ್ಟಿಗೆ, ನನ್ನ ತವರಿಗೆ ಹೋಗುವುದಿಲ್ಲ. ಇಲ್ಲೇ ಇರುತ್ತೇನೆ. ಅವಳಿಗೆ ಯಾವತ್ತಾದರೂ ಬರಬೇಕು ಅನ್ನಿಸಿದರೆ ಮನೆ ಹುಡುಕುವಂತಾಗಬಾರದು. ಕಪ್ಪು ಗೋಡೆಗೆ ನಾಳೆ ಸುಣ್ಣ ಹೊಡೆಯುತ್ತೇನೆ. ಒಂದೇ ಸಲಕ್ಕೆ ಕಪ್ಪು ಮುಚ್ಚುವುದಿಲ್ಲ ಎಂದು ಅಂಗಡಿಯವನು ಹೇಳಿದ್ದಾನೆ, ಮೂರು ನಾಲ್ಕು ಸಲ ಬೇಕಂತೆ.

ಮೊದಲಲ್ಲಿ ಜಾಗ ಬಿಟ್ಟ ಸಾಲು ಖಾಲಿಯೇ ಇರಲಿ.

ಇಂತಿ,
ನಾಗಲಕ್ಷ್ಮಿ

ವಿ.ಸೂ.: ಒಂದು ವಿಷಯ ಮೇಲೆ ಬರೆಯಲು ಕೈ ಬರಲಿಲ್ಲ. ಭಾನುವಾರ ಅಪ್ಪ ಬರುತ್ತಾರೆ, ಸಿರುಗುಪ್ಪಕ್ಕೆ ಹೋಗುತ್ತೀಯಾ ಎಂದು ಇವತ್ತು ಬೆಳಿಗ್ಗೆ ಅವಳನ್ನು ಕೇಳಿದೆ. ಕೈ ಎತ್ತಿದಳು. ಹೇಳು ಅಂದೆ. "ಅಲ್ಲಿ ಒಂದಕ್ಕ ಹೋಗಬೇಕಂದ್ರ ಯಾರನ್ನ ಕೇಳಬೇಕು, ಮಿಸ್?" ಅಂದಳು. ಮೂರು ತಿಂಗಳಿಂದ ಈ ಮನೆಯಲ್ಲಿ ನನ್ನನ್ನು ಕೇಳಿಯೇ ಹೋಗುತ್ತಾಳೆ. ನಾನು ಮಧ್ಯಾಹ್ನ ಕಣ್ಣು ಮುಚ್ಚಿದ್ದರೆ ಏಳುವ ತನಕ ಬಾಗಿಲ ಹತ್ತಿರ ಕಾಲು ಜೋಡಿಸಿ ನಿಂತಿರುತ್ತಾಳೆ. ಯಾರನ್ನೂ ಕೇಳಬೇಕಾಗಿಲ್ಲ ಎಂದು ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ನೀವು ಬಂದ ಕೂಡಲೇ, ಚಪ್ಪಲಿ ಬಿಡುವ ಮುಂಚೆ, ಇದೊಂದನ್ನು ಹೇಳಿಬಿಡಿ. ನಿಮ್ಮ ಮಾತು ನಂಬಿದರೂ ನಂಬಬಹುದು.