ಮಾರ್ಚ್ ತಿಂಗಳಲ್ಲಿ ಮುಹೂರ್ತ ಇಟ್ಟವರಿಗೆ

ಫೆಡರಲ್ ನ್ಯಾಯಾಲಯದ ಮಾನ್ಯ ನ್ಯಾಯಾಧೀಶರೇ,

ಮೇಪಲ್ ಮರದ ರಸ ಕುದಿಸಿ ನಾವು ಮಾಡುವ ಪಾಕ ಕೊಳ್ಳುವ ಎರಡೇ ಎರಡು ಕಂಪನಿಗಳು ಒಂದಾಗಲು ಹೊರಟಿವೆ. ಅದು ವಿಲೀನವಲ್ಲ, ನಮ್ಮ ವಿನಾಶ ಎಂದು ಸರ್ಕಾರವೇ ದಾವೆ ಹೂಡಿದೆ. ಅದರ ವಿಚಾರಣೆಗೆ ತಾವು ಗೊತ್ತುಮಾಡಿದ್ದು ಮಾರ್ಚ್ ತಿಂಗಳು. ಅದೂ ಮೇಪಲ್ ನಾಡಾದ ವರ್ಮಾಂಟಿನಲ್ಲಿ ಕೂತು.

ರಾತ್ರಿ ಹಿಮ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚಿನ ಆ ಕೆಲವೇ ವಾರ ಮಾತ್ರ ಮರ ರಸ ಬಿಡುತ್ತದೆ. ಬಿಟ್ಟ ರಸವನ್ನು ಬೇಗ ಕುದಿಸದಿದ್ದರೆ ಹುಳಿಯುತ್ತದೆ. ಕುದಿಯುವ ಬಾಣಲೆ ಬಿಟ್ಟು ಎದ್ದರೆ ಸೀಯುತ್ತದೆ. ಆಗ ಊರಲ್ಲಿ ಯಾರಾದರೂ ಸತ್ತರೂ ಮಣ್ಣು ಮಾಡುವುದನ್ನು ಮುಂದೂಡುತ್ತೇವೆ. ಸತ್ತವರು ಕಾಯುತ್ತಾರೆ, ಮರ ಕಾಯುವುದಿಲ್ಲ.

ದಿನ ನಿಗದಿಯಾದಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಕಂಪನಿಗಳ ವಕೀಲರು ಎದ್ದು, "ಮಾರ್ಚ್‌ನಲ್ಲಿ ಎಲ್ಲೆಲ್ಲೂ ಹಿಮ ಸ್ವಾಮಿ, ರೈತರಿಗೆ ಬಿಡುವಿರುತ್ತೆ" ಎಂದರು. ಗೊತ್ತಿದ್ದೇ ಹೇಳಿದರು. ವಾಷಿಂಗ್ಟನ್ನಿನಿಂದ ಬಂದ ಸರ್ಕಾರಿ ವಕೀಲೆ ಗೊತ್ತಿಲ್ಲದೇ ತಲೆಯಾಡಿಸಿದರು. ತಾವು? ತಾವು ಗಡಿಯಾರ ನೋಡಿದಿರಿ. ಊಟದ ಹೊತ್ತಾಗಿತ್ತು. ನ್ಯಾಯಕ್ಕೆ ಕಣ್ಣಿಲ್ಲವೆಂದು ಕೇಳಿದ್ದೆ. ಹೊಟ್ಟೆಯಿದೆ ಎಂದು ಅಂದು ಕಂಡೆ.

ಸರ್ಕಾರದ ಮುಖ್ಯ ಸಾಕ್ಷಿ ನನ್ನ ನೆರೆಯ ಡೆಲ್ಫೀನ್ ಬೆನ್ವಾ. "ನಾವು ಒಂದಾಗ್ಲಿ, ಆಮೇಲೆ ನಾವು ಹೇಳಿದ್ದೇ ರೇಟು. ಎಲ್ಲಿಗೆ ಹೋಗ್ತೀಯ ನೋಡ್ತೀವಿ" ಎಂದು ಕಂಪನಿಯ ಖರೀದಿ ಮ್ಯಾನೇಜರು ಹೇಳಿದ್ದನ್ನು ಕಿವಿಯಾರೆ ಕೇಳಿದವಳು ಅವಳೊಬ್ಬಳೇ.

"ವಿಚಾರಣೆ ಯಾವಾಗಂತೆ ಮುದುಕ?" ಎಂದು ಕೇಳಿದಳು.

"ಮಾರ್ಚ್‌ನಲ್ಲಿ."

"ಸಾಕು ನಿನ್ನ ತಮಾಷೆ. ನಿನ್ನ ಬಾಯಲ್ಲಿ ನಿಜ ಬಂದಿದ್ದು ಮದುವೆ ದಿನ ಒಂದೇ. ಅದೂ ಪಾದ್ರಿ ಹೇಳ್ಕೊಟ್ಟಿದ್ದು."

"ಈ ಸಲದ ತಮಾಷೆ ನಂದಲ್ಲ ಕಣೆ, ಕೋರ್ಟಿಂದು."

ಅವಳು ಕೈಲಿದ್ದ ಡೋನಟ್ ಕೆಳಗಿಟ್ಟಳು. "ಹಾಗಾದ್ರೆ ಒಲೆ ಮುಂದೆ ನಿಲ್ಲೋದಾ, ಕಟಕಟೇಲಿ ನಿಲ್ಲೋದಾ? ಒಬ್ಳೇ ಇರೋದು ನಾನು."

ಉತ್ತರ ತಾವು ಹೇಳಿ. ಬಂದರೆ ಅವಳ ವರ್ಷದ ದುಡಿಮೆ ಮಣ್ಣುಪಾಲು; ಬರದಿದ್ದರೆ ಮೊಕದ್ದಮೆಯೇ ಮಣ್ಣುಪಾಲು. ನೆರವಿಗೆ ಯಾರು ಹೋಗಬೇಕು? ಎಲ್ಲರೂ ಅವರವರ ಬಾಣಲೆಗೆ ಕಟ್ಟಿಬಿದ್ದಿರುತ್ತಾರೆ. ಎಲ್ಲರ ಪಾಕ ಉಳಿಸಲು ಇವಳೊಬ್ಬಳಿಗೆ ವಿಪಾಕವೇ?

ನನ್ನ ಬೇಡಿಕೆ ಒಂದೇ: ವಿಚಾರಣೆಯನ್ನು ಮೇ ತಿಂಗಳಿಗೆ ಹಾಕಿ, ಅಲ್ಲಿಯವರೆಗೆ ಕಂಪನಿಗಳು ಕೈಜೋಡಿಸದಂತೆ ತಡೆಯಾಜ್ಞೆ ಕೊಡಿ.

ಕೊಡದಿದ್ದರೆ ಡೆಲ್ಫೀನ್ ಬರುತ್ತಾಳೆ, ಒಲೆಯ ಸಮೇತ. ತಮ್ಮ ನ್ಯಾಯಾಲಯದ ಎದುರಿನ ಚೌಕದಲ್ಲೇ ಒಲೆ ಹೂಡಿ ಬಾಣಲೆ ಇಡುತ್ತೇವೆ. ಈ ರಸವನ್ನು ಮನೆಯೊಳಗೆ ಕುದಿಸಿದರೆ ಅದರ ಜಿಗುಟು ಹಬೆಗೆ ಗೋಡೆಗೆ ಅಂಟಿಸಿದ ಕಾಗದವೇ ಕಿತ್ತುಬರುತ್ತದೆಂದು ನಮ್ಮ ಹೆಂಗಸರೆಲ್ಲ ಬಲ್ಲರು; ತಮ್ಮ ಕಿಟಕಿ, ಕಡತ, ಕರಿನಿಲುವಂಗಿಯ ಗತಿ ತಾವೇ ಊಹಿಸಿ. ಖರೀದಿ ಮ್ಯಾನೇಜರಿಗೆ ಹಬೆ ಬೀಸುವ ಕಡೆಗೇ ಕುರ್ಚಿ ಹಾಕಿಸುತ್ತೇನೆ. ಅವಳು ಸಾಕ್ಷಿ ಹೇಳುವಷ್ಟು ಹೊತ್ತು ಬಾಣಲೆ ಕಲಕುವವನು ನಾನು, ಮತ್ತು ನನ್ನ ಕೈ ಎಂದೂ ಸುಮ್ಮನಿದ್ದದ್ದಲ್ಲ.

ಪುರಸಭೆಯಲ್ಲಿ ಅನುಮತಿ ಕೇಳಿಯಾಯಿತು. ಗುಮಾಸ್ತೆ ನನ್ನ ಮುಖ ನೋಡಿ, "ಎಷ್ಟು ದಿನಕ್ಕೆ ತಾತ?" ಎಂದಳು.

"ಅದನ್ನ ನ್ಯಾಯಾಧೀಶರೇ ಹೇಳ್ಬೇಕಮ್ಮ" ಎಂದೆ.

ಇಂತಿ,
ಸಿಹಿ ಕಾಯಿಸೀ ಕಾಯಿಸೀ ಕಹಿಯಾದವನು,
ಓರಿನ್ ಕಿಟ್ರೆಜ್