ಕೆಂಪು ಶಾಯಿಯ ಐವತ್ತು

ಮಾರ್ಚ್ ೧೪, ಗುರುವಾರ

ಪ್ರೀತಿಯ ಕೂಸೇ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಒಗೆದ ಬಟ್ಟೆ ಮಡಿಸಿದ್ದೇನೆ, ಕ್ಷಮಿಸು. ಇಲ್ಲಿ ಎಲ್ಲ ಕ್ಷೇಮ. ಅಪ್ಪನ ಮಂಡಿನೋವು ಇಳಿದಿದೆ, ಕೋಪ ಏರಿದೆ.

ಸೋಮವಾರ ಮೊದಲ ಬಾರಿ ಒಬ್ಬಳೇ ಹಾರುತ್ತೀಯಂತೆ. ನಿಮ್ಮ ತರಬೇತುದಾರರು ಆರು ವರ್ಷದ ಹಿಂದಿನ ಮಾಮನ ಅಪಘಾತವನ್ನೇ ಉದಾಹರಣೆ ಕೊಟ್ಟು, "ಇಂಥ ದುಡುಕು ಮನುಷ್ಯರು ನೆಲದ ಮೇಲೇ ಇರ್ಬೇಕು" ಅಂದರೆಂದೂ ನೀನು ತಲೆತಗ್ಗಿಸಿ ಕೂತೆಯೆಂದೂ ಬರೆದಿದ್ದೀಯ. "ಮಾಮ ಏನಮ್ಮ ತಪ್ಪು ಮಾಡಿದ? ಇದನ್ನ ಕಲಿಸೋಳು ನೀನೇ ಅಲ್ವಾ?" ಎಂದೂ ಕೇಳಿದ್ದೀಯ. ಹೌದು, ಇಲ್ಲಿಯ ಹಾರಾಟ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಅದೇ ಪಾಠ, ಅದೇ ಕರಿಹಲಗೆ.

ಕೇಳು. ರೆಕ್ಕೆಗೆ ಅಂಟಿಕೊಂಡು ನುಣ್ಣಗೆ ಹರಿಯುವ ಗಾಳಿಯೇ ವಿಮಾನವನ್ನು ಹೊತ್ತಿರುತ್ತದೆ. ಮೂತಿಯನ್ನು ಅತಿಯಾಗಿ ಎತ್ತಿ ಎಳೆದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚೆದುರುತ್ತದೆ, ಎಂಜಿನ್ ಓಡುತ್ತಿದ್ದರೂ ವಿಮಾನ ಕುಸಿಯುತ್ತದೆ. ಅದೇ ಸ್ಟಾಲ್. ನಮ್ಮ ಪುಟ್ಟ ವಿಮಾನ ನೇರ ಹಾರುವಾಗ ವೇಗ ಐವತ್ತು ನಾಟ್‌ಗಿಂತ ಇಳಿದರೆ ಹೀಗಾಗುತ್ತದೆ. ಅರವತ್ತು ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿದರೆ ಆ ಮಿತಿಯೇ ಎಪ್ಪತ್ತಕ್ಕೇರುತ್ತದೆ. ನನ್ನ ತಮ್ಮ ಇಳಿಯುವಾಗ ರನ್‌ವೇಯ ನೇರವನ್ನು ದಾಟಿಹೋದ. ಸರಿಪಡಿಸಲು ಇನ್ನಷ್ಟು ವಾಲಿಸಿ ಎಳೆದ. ವೇಗದ ಮುಳ್ಳು ಅರವತ್ತೈದರಲ್ಲಿತ್ತು.

ನೀನು ಎಳೆಯಬೇಡ. ಹಿಡಿಯನ್ನು ಮುಂದಕ್ಕೆ ಸಡಿಲಿಸು, ರೆಕ್ಕೆ ಸಮ ಮಾಡು, ಎಂಜಿನ್‌ಗೆ ಪೂರ್ತಿ ಬಲ ಕೊಡು, ಇನ್ನೊಂದು ಸುತ್ತು ಹಾಕಿ ಬಾ. ನಗುವವರು ನಗಲಿ.

ತನಿಖಾ ವರದಿ "ವೈಮಾನಿಕನ ದುಡುಕು" ಎಂದು ಎರಡೇ ಪದದಲ್ಲಿ ಅವನನ್ನು ಮುಗಿಸಿತು. ಅದೇ ವರ್ಷ ನನಗೆ ಉತ್ತಮ ಶಿಕ್ಷಕಿಯ ಫಲಕ ಸಿಕ್ಕಿತು. ಅಪ್ಪ ಗೋಡೆಗೆ ಹಾಕಿದ್ದಾರೆ; ಊಟಕ್ಕೆ ಕೂತರೆ ಕಣ್ಣೆದುರಿಗೇ. ನಿನ್ನೆ, "ಮಗೂಗೆ ಅದೆಲ್ಲ ಯಾಕೆ ಬರೀತೀಯ? ಹೋದವನು ಹೋದ" ಅಂದರು. "ಅವನ ಹೆಸರು ಇನ್ನೂ ಆ ವರದಿಯಲ್ಲೇ ಬಿದ್ದಿದೆಯಲ್ರೀ" ಅಂದೆ.

ಏರಿದಷ್ಟೇ ಹಗುರವಾಗಿ ಇಳಿ, ಮಗಳೇ.

ನಿನ್ನ ಅಮ್ಮ

ಇನ್ನೊಂದು ಮಾತು: ಲಕೋಟೆಯಲ್ಲಿ ಒಂದು ಹಾಳೆಯಿದೆ. ಮಾಮನಿಗೆ ಸ್ಟಾಲ್ ಎಂದರೆ ಜೀವಭಯ. ಪೈಲಟ್ ಪರೀಕ್ಷೆಯ ಹಿಂದಿನ ದಿನ ಊಟದ ಮೇಜಿನಲ್ಲಿ, "ಅಕ್ಕಾ, ಒಂದೇ ಒಂದು ಅಂಕಿ ಹೇಳ್ಬಿಡೆ, ಅದನ್ನೇ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ" ಅಂದ. ಅವನ ನೋಟ್‌ಬುಕ್ಕಿನಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದೆ: "ಐವತ್ತು. ಅದರ ಮೇಲಿದ್ದರೆ ಹೆದರಬೇಡ." ತನಿಖೆಯವರು ಆ ಪುಸ್ತಕ ಕೇಳಿದಾಗ ಸಿಗಲಿಲ್ಲ ಎಂದೆ. ಅದು ಕಪಾಟಿನಲ್ಲಿ, ನನ್ನ ಪದ್ಯದ ಪುಸ್ತಕಗಳ ಹಿಂದಿತ್ತು. ಹಾಳೆಯನ್ನು ನಿಮ್ಮ ತರಬೇತುದಾರರಿಗೆ ತೋರಿಸು. ಅಕ್ಷರ ಯಾರದೆಂದು ಕೇಳಿದರೆ, ಹೇಳು.